ಬಡಾವಣೆಗಳ ಆದಾಯ ಮತ್ತು ವರ್ಗ: ಯಾವ ಅಳತೆ ಯಾವುದಕ್ಕೆ ಒಗ್ಗುತ್ತದೆ?

ನಗರದಲ್ಲಿ ಕೆಲವು ವರ್ಷ ಬಾಳಿದ ಯಾರನ್ನೇ ಕೇಳಿ, ಯಾವ ಬಡಾವಣೆ ಉಳ್ಳವರದು, ಯಾವುದು ಇಲ್ಲದವರದು ಎಂದು ಥಟ್ಟನೆ ಹೇಳುತ್ತಾರೆ. ಅದನ್ನೇ ಅಂಕಿಯಲ್ಲಿ ಹೇಳಿ ಎಂದಾಗ ತೊಡಕು ಶುರು. ಆದಾಯ ಕೇಳಬೇಕೋ, ಖರ್ಚು ಕೇಳಬೇಕೋ, ಮನೆಯೊಳಗಿನ ಸಾಮಾನು ಎಣಿಸಬೇಕೋ, ಮನೆಯವರ ಕಸುಬು ಬರೆದುಕೊಳ್ಳಬೇಕೋ? ವಾರ್ಡು ಸಾಕೋ, ಬೀದಿ ಮಟ್ಟಕ್ಕೆ ಇಳಿಯಬೇಕೋ? ಸರಾಸರಿಯೋ, ಸಾಲಿನ ನಟ್ಟನಡುವಿನ ಮನೆಯನ್ನು ಹೇಳುವ ಮಧ್ಯಾಂಕವೋ? ಪ್ರತಿ ಆಯ್ಕೆಯೂ ಬೇರೆ ನಕ್ಷೆ ಕೊಡುತ್ತದೆ. ಕೆಲವೊಮ್ಮೆ ಎರಡು ನಕ್ಷೆಗಳು ಒಂದೇ ಊರಿನವು ಎಂದು ನಂಬುವುದೂ ಕಷ್ಟ.

ಮೊದಲು ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಸೌಲಭ್ಯ ಎಲ್ಲಿಗೆ ಮೊದಲು ಹೋಗಬೇಕು ಎಂಬುದೋ, ಉಳ್ಳವರು ಇಲ್ಲದವರು ಎಷ್ಟು ದೂರ ದೂರ ವಾಸಿಸುತ್ತಾರೆ ಎಂಬುದೋ, ಹತ್ತು ವರ್ಷದಲ್ಲಿ ಒಂದು ಪ್ರದೇಶ ಹೇಗೆ ಬದಲಾಯಿತು ಎಂಬುದೋ? ಮೂರಕ್ಕೂ ಒಂದೇ ಅಳತೆ ಒದಗದು. ಮೊದಲನೆಯದಕ್ಕೆ ಕೊರತೆಯ ಎಣಿಕೆ ಬೇಕು, ಎರಡನೆಯದಕ್ಕೆ ಇಡೀ ನಗರದ ಹಂಚಿಕೆ ಬೇಕು, ಮೂರನೆಯದಕ್ಕೆ ಎರಡೂ ಕಾಲದಲ್ಲಿ ಬದಲಾಗದ ಗಡಿ ಬೇಕು.

ಗಡಿ ಮೊದಲು, ಅಳತೆ ಆಮೇಲೆ

ಹೆಚ್ಚಿನವರು ಆದಾಯವೋ ಖರ್ಚೋ ಎಂದು ವಾರಗಟ್ಟಲೆ ಚರ್ಚಿಸಿ, ಗಡಿಯ ವಿಷಯಕ್ಕೆ ಬಂದಾಗ ಕೈಗೆ ಸಿಕ್ಕ ವಾರ್ಡ್ ನಕ್ಷೆಯನ್ನು ತೆಗೆದುಕೊಂಡುಬಿಡುತ್ತಾರೆ. ನಮ್ಮ ಪ್ರಕಾರ ಇದು ತಲೆಕೆಳಗಾದ ಕ್ರಮ. ಗಡಿ ಕೆಟ್ಟರೆ ಯಾವ ಅಳತೆಯೂ ಕಾಪಾಡದು.

ಒಂದು ಲೆಕ್ಕ ನೋಡಿ. ಚೌಕಾಕಾರದ ಊರಿನಲ್ಲಿ ನಾಲ್ಕು ತುಂಡುಗಳು, ಒಂದೊಂದರಲ್ಲಿ 500 ಮನೆ. ಎಡಗಡೆಯ ಎರಡರಲ್ಲಿ ಶೇ. 80 ಬಡ ಮನೆಗಳು, ಬಲಗಡೆಯ ಎರಡರಲ್ಲಿ ಶೇ. 20. ಮೇಲಿನ ಎರಡನ್ನು ಸೇರಿಸಿ ಒಂದು ವಾರ್ಡು, ಕೆಳಗಿನ ಎರಡನ್ನು ಸೇರಿಸಿ ಇನ್ನೊಂದು ವಾರ್ಡು ಮಾಡಿದರೆ ಎರಡೂ ಕಡೆ ಶೇ. 50 ಬಡತನ. ನಗರ ಸಮಾನವಾಗಿ ಕಾಣುತ್ತದೆ. ಅದೇ ಗೆರೆಯನ್ನು ಮೇಲಿನಿಂದ ಕೆಳಕ್ಕೆ ಎಳೆದು ಎಡ ಒಂದು, ಬಲ ಒಂದು ಮಾಡಿದರೆ ಶೇ. 80 ಮತ್ತು ಶೇ. 20. ಮನೆಗಳು ಅವೇ, ಜನ ಅವರೇ. ಮುಂದೆ ಹೇಳುವ ಭಿನ್ನತಾ ಸೂಚ್ಯಂಕದಲ್ಲಿ (0 ಎಂದರೆ ಪೂರ್ತಿ ಬೆರೆತದ್ದು, 1 ಎಂದರೆ ಪೂರ್ತಿ ಬೇರ್ಪಟ್ಟದ್ದು) ಮೊದಲನೆಯದು 0, ಎರಡನೆಯದು 0.60. ಭೂಗೋಳದವರಿಗೆ ಇದು ಹಳೆಯ ತಲೆನೋವು. 1934ರಲ್ಲೇ ಗೆಲ್ಕೆ ಮತ್ತು ಬೀಲ್ ಎಂಬಿಬ್ಬರು, ತುಂಡುಗಳನ್ನು ಒಟ್ಟುಗೂಡಿಸುತ್ತ ಹೋದಂತೆ ಎರಡು ಸಂಗತಿಗಳ ನಡುವಿನ ಸಹಸಂಬಂಧದ (ಒಂದರ ಜೊತೆ ಇನ್ನೊಂದು ಎಷ್ಟರಮಟ್ಟಿಗೆ ಏರಿಳಿಯುತ್ತದೆ ಎಂಬುದರ) ಅಂಕಿಯೇ ಏರುತ್ತದೆ ಎಂದು ತೋರಿಸಿದ್ದರು.

ಹಾಗಾದರೆ ಎಷ್ಟು ದೊಡ್ಡ ತುಂಡು ಒಳ್ಳೆಯದು? ಬೇರೆ ಬೇರೆ ದೇಶಗಳ ಅಂಕಿಅಂಶ ಇಲಾಖೆಗಳು ಕಂಡುಕೊಂಡ ಗಾತ್ರಗಳು ಒಂದು ಅಂದಾಜು ಕೊಡುತ್ತವೆ. ಅಮೆರಿಕದ ಸೆನ್ಸಸ್ ಟ್ರ್ಯಾಕ್ಟ್‌ನಲ್ಲಿ 1,200ರಿಂದ 8,000 ಜನ, ಗುರಿ ಸುಮಾರು 4,000. ಅದರೊಳಗಿನ ಬ್ಲಾಕ್ ಗ್ರೂಪ್‌ನಲ್ಲಿ 600ರಿಂದ 3,000. ಇಂಗ್ಲೆಂಡಿನ ಕೆಳಹಂತದ ತುಂಡುಗಳಲ್ಲಿ 1,000ದಿಂದ 3,000 ಜನ, ಅಂದರೆ 400ರಿಂದ 1,200 ಮನೆ. ಫ್ರಾನ್ಸಿನ ಐರಿಸ್ ತುಂಡು ಸುಮಾರು 2,000 ಜನರದು. ಮೂವತ್ತು ನಲವತ್ತು ಸಾವಿರ ಜನರಿರುವ ವಾರ್ಡಿನ ಸರಾಸರಿ ಇಟ್ಟುಕೊಂಡು ಬಡಾವಣೆಯ ಮಾತಾಡುವುದು ಎಂದರೆ ಆ ತುಂಡಿನ ಹತ್ತು ಹದಿನೈದು ಪಟ್ಟು ದೊಡ್ಡ ಜಾಗದ ಮಾತಾಡಿದಂತೆ. ಹಿಂಬದಿಯ ಗಲ್ಲಿಯ ಬಡತನ ಮುಂಬದಿಯ ಬಂಗಲೆಗಳ ಲೆಕ್ಕದಲ್ಲಿ ಕರಗಿಹೋಗುವುದು ಇಲ್ಲೇ.

ಸಮಾಜ ಸಮೀಕ್ಷಕ ಚಾರ್ಲ್ಸ್ ಬೂತ್ ಲಂಡನ್ನಿನ ಬಡತನದ ನಕ್ಷೆಗಳನ್ನು 1889ರಿಂದ ಪ್ರಕಟಿಸತೊಡಗಿದಾಗ ಬಣ್ಣ ಹಾಕಿದ್ದು ವಾರ್ಡಿಗಲ್ಲ, ಬೀದಿಗೆ. ಅತಿ ಕೆಳಗಿನವರ ಕಪ್ಪಿನಿಂದ ಅತಿ ಸಿರಿವಂತರ ಹಳದಿಯವರೆಗೆ ಏಳು ಬಣ್ಣ. ಉಳ್ಳವರ ಬೀದಿಯ ಬೆನ್ನಿಗೇ ಕಪ್ಪು ಸಂದಿ ಇರುವುದು ಆ ನಕ್ಷೆಯಲ್ಲಿ ಕಾಣುತ್ತದೆ. ಆದರೆ ಅದೇ ನಕ್ಷೆಯ ಅತಿ ಕೆಳಗಿನ ವರ್ಗದ ವಿವರಣೆಯಲ್ಲಿ ‘ದುಷ್ಟ, ಅರೆಅಪರಾಧಿ’ ಎಂಬ ಮಾತಿದೆ. ಆದಾಯದ ಅಳತೆಯ ಜೊತೆ ನಡತೆಯ ತೀರ್ಪನ್ನು ಬೆರೆಸಿದ ಉದಾಹರಣೆ ಅದು. ಬೀದಿಯ ಪಾಠ ಕಲಿಯಿರಿ, ಬಣ್ಣದ ವಿವರಣೆಯನ್ನು ಬಿಡಿ.

ಸಣ್ಣ ತುಂಡಿಗೆ ತನ್ನದೇ ಬೆಲೆ ಇದೆ. ತುಂಡು ಸಣ್ಣದಾದಷ್ಟೂ ಪ್ರತಿ ತುಂಡಿನಲ್ಲಿ ಸಿಗುವ ಮಾದರಿ ಮನೆಗಳು ಕಡಿಮೆ, ಅಂಕಿ ಅಲುಗಾಡುತ್ತದೆ. ಆದ್ದರಿಂದ ಪೂರ್ತಿ ಎಣಿಕೆಯ ದತ್ತಾಂಶವಿದ್ದರೆ ಸಣ್ಣ ತುಂಡು, ಮಾದರಿ ಸಮೀಕ್ಷೆಯಾದರೆ ಮಧ್ಯಮ ತುಂಡು. ಎರಡೂ ಇಲ್ಲದೆ ವಾರ್ಡು ಮಾತ್ರ ಸಿಕ್ಕಿದರೆ, ಕನಿಷ್ಠ ವಾರ್ಡಿನೊಳಗಿನ ಹರವನ್ನೂ ಬರೆಯಿರಿ: ಕೆಳಗಿನ ಶೇ. 25 ಮನೆಗಳ ಮಿತಿ ಎಲ್ಲಿದೆ, ಮೇಲಿನ ಶೇ. 25ರದು ಎಲ್ಲಿಂದ ಶುರು ಎಂದು.

ಆದಾಯ ಕೇಳುವುದಾದರೆ

ಆದಾಯ ನೇರ ಅಳತೆ, ಹೋಲಿಸಲು ಸುಲಭ. ಆದರೆ ಎಲ್ಲ ಜನಗಣತಿಗಳೂ ಅದನ್ನು ಕೇಳುವುದಿಲ್ಲ. ಭಾರತದ ಜನಗಣತಿ ಕೇಳುವುದಿಲ್ಲ, ಇಂಗ್ಲೆಂಡಿನದೂ ಕೇಳುವುದಿಲ್ಲ. ಅಮೆರಿಕದಲ್ಲಿ ಪ್ರತಿ ವರ್ಷ ನಡೆಯುವ ಕಮ್ಯುನಿಟಿ ಸಮೀಕ್ಷೆ ಕೇಳುತ್ತದೆ.

ನೀವೇ ಕೇಳುವುದಾದರೆ ‘ಮನೆಯ ಒಟ್ಟು ಆದಾಯ ಎಷ್ಟು?’ ಎಂಬ ಒಂಟಿ ಪ್ರಶ್ನೆಯನ್ನು ನಂಬಬೇಡಿ. ಅದಕ್ಕೆ ಬರುವ ಉತ್ತರ ಸಾಮಾನ್ಯವಾಗಿ ಮುಖ್ಯ ದುಡಿಮೆಗಾರನ ಸಂಬಳ ಮಾತ್ರ. ಸಂಬಳ ಅಥವಾ ಕೂಲಿ, ಸ್ವಂತ ಉದ್ಯೋಗದ ನಿವ್ವಳ ಗಳಿಕೆ, ಬಾಡಿಗೆ, ಬಡ್ಡಿ, ಪಿಂಚಣಿ, ಸರ್ಕಾರದ ನೆರವು, ಬೇರೆ ಊರಿನಿಂದ ಬರುವ ಹಣ, ಇಷ್ಟನ್ನೂ ಬಿಡಿಬಿಡಿಯಾಗಿ ಕೇಳಿ. ಬೇರೆಯವರಿಗೆ ಕಳಿಸುವ ಹಣವನ್ನೂ ಕೇಳಿ. ದುಡಿದದ್ದರ ಅರ್ಧವನ್ನು ಊರಿಗೆ ಕಳಿಸುವವನ ಮನೆ ಅಂಕಿಯಲ್ಲಿ ಕಂಡಷ್ಟು ಅನುಕೂಲದಲ್ಲಿ ಇರುವುದಿಲ್ಲ. ಸ್ವಂತ ಉದ್ಯೋಗದವರ ವಿಷಯದಲ್ಲಿ ಪದೇ ಪದೇ ಆಗುವ ತಪ್ಪು ಇದು: ದಿನದ ವಹಿವಾಟನ್ನೇ ಗಳಿಕೆ ಎಂದು ಬರೆದುಕೊಳ್ಳುವುದು. ಸರಕಿನ ಖರ್ಚು, ಬಾಡಿಗೆ, ಸಾಲದ ಬಡ್ಡಿ ಕಳೆದ ಮೇಲಿನದನ್ನು ಕೇಳದಿದ್ದರೆ ವ್ಯಾಪಾರಿಗಳ ಬಡಾವಣೆ ನಕ್ಷೆಯಲ್ಲಿ ಇಲ್ಲದ ಸಿರಿಯನ್ನು ಹೊತ್ತು ನಿಲ್ಲುತ್ತದೆ.

ಇನ್ನೊಂದು ತೊಡಕು ಮೇಲ್ತುದಿಯದು. ಉಳ್ಳವರ ಬಡಾವಣೆಗಳಲ್ಲಿ ಗೇಟು ದಾಟುವುದೇ ಕಷ್ಟ, ದಾಟಿದರೂ ಆದಾಯದ ಪ್ರಶ್ನೆಗೆ ಉತ್ತರ ಸಿಗುವುದು ಕಡಿಮೆ. ಉತ್ತರ ಕೊಟ್ಟವರು ಕೊಡದವರಿಗಿಂತ ತುಸು ಕೆಳಗಿನವರಾಗಿದ್ದರೆ ನಕ್ಷೆ ಶಿಖರವನ್ನೇ ಕತ್ತರಿಸಿ ತೋರಿಸುತ್ತದೆ. ಉತ್ತರ ಕೊಟ್ಟವರಿಗೆ ಲೆಕ್ಕದಲ್ಲಿ ಹೆಚ್ಚು ತೂಕ ಕೊಟ್ಟು ಹೊಂದಿಸುವುದರಿಂದ ಇದು ಪೂರ್ತಿ ಸರಿಯಾಗದು, ಏಕೆಂದರೆ ಇಲ್ಲದ ಉತ್ತರವನ್ನು ಇದ್ದ ಉತ್ತರದಿಂದಲೇ ತುಂಬುತ್ತಿರುತ್ತೀರಿ. ಪ್ರತಿ ತುಂಡಿನ ಉತ್ತರದ ಪ್ರಮಾಣವನ್ನು ಆದಾಯದ ಪಕ್ಕದಲ್ಲೇ ಪ್ರಕಟಿಸಿ. ಸಿದ್ಧ ಕೋಷ್ಟಕಗಳಲ್ಲೂ ಮೇಲ್ತುದಿ ಕತ್ತರಿಸಿರುತ್ತದೆ. ಅಮೆರಿಕದ ಆ ಸಮೀಕ್ಷೆ ಮನೆಗಳ ಮಧ್ಯಾಂಕ ಆದಾಯ 2,50,000 ಡಾಲರ್ ದಾಟಿದ ತುಂಡುಗಳಿಗೆಲ್ಲ ಒಂದೇ ಗುರುತು ಹಾಕುತ್ತದೆ. ಅದನ್ನು ನಿಜ ಸಂಖ್ಯೆಯೆಂದು ಓದಿದರೆ ಅತಿ ಸಿರಿವಂತ ತುಂಡುಗಳೆಲ್ಲ ಸಮಾನವಾಗಿಬಿಡುತ್ತವೆ.

ತೆರಿಗೆ ದಾಖಲೆ ಸಿಕ್ಕಿದರೆ ಮೇಲ್ತುದಿಗೆ ಅದು ಸಮೀಕ್ಷೆಗಿಂತ ವಾಸಿ. ಆದರೆ ತೆರಿಗೆ ಕಟ್ಟದವರು, ನಗದು ಕೂಲಿಯವರು ಅದರಲ್ಲಿ ಇರುವುದಿಲ್ಲ. ಕೆಲವರ ವಿಳಾಸ ಮನೆಯದಲ್ಲ, ಕಚೇರಿಯದು. ನಡುಪೇಟೆಯ ಕಚೇರಿ ಕಟ್ಟಡವೊಂದು ನಕ್ಷೆಯಲ್ಲಿ ಕುಬೇರರ ಓಣಿಯಾಗಿ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಸರಾಸರಿಯೋ ಮಧ್ಯಾಂಕವೋ ಎಂಬುದಕ್ಕೆ ಹೆಚ್ಚು ಮಾತು ಬೇಡ. ಒಂಬತ್ತು ಮನೆಗಳ ಆದಾಯ 20, ಹತ್ತನೆಯದು 400 ಇದ್ದರೆ ಸರಾಸರಿ 58, ಮನೆಗಳನ್ನು ಸಾಲಾಗಿ ನಿಲ್ಲಿಸಿದಾಗ ನಡುವೆ ಬರುವ ಮಧ್ಯಾಂಕ 20. ಆ ಬಡಾವಣೆಯಲ್ಲಿ 58 ಗಳಿಸುವ ಮನೆಯೇ ಇಲ್ಲ. ಬಡಾವಣೆಯ ಮಟ್ಟ ಹೇಳಲು ಮಧ್ಯಾಂಕ ಬಳಸಿ. ನಗರದ ಒಟ್ಟು ಆದಾಯದಲ್ಲಿ ಯಾವ ಪ್ರದೇಶದ ಪಾಲು ಎಷ್ಟು ಎಂದು ಹೇಳಬೇಕಾದಾಗ ಮಾತ್ರ ಸರಾಸರಿ.

ಮನೆಯ ಗಾತ್ರವನ್ನು ಮರೆತರೆ ಹೋಲಿಕೆ ಅಡ್ಡದಾರಿ ಹಿಡಿಯುತ್ತದೆ. ಇಬ್ಬರು ದೊಡ್ಡವರು, 14 ವರ್ಷದೊಳಗಿನ ಮೂವರು ಮಕ್ಕಳಿರುವ ಮನೆಗೆ 60 ಬರುತ್ತದೆ, ಒಂಟಿ ಉದ್ಯೋಗಿಗೆ 30. ಮನೆವಾರು ನೋಡಿದರೆ ಮೊದಲನೆಯದು ಎರಡು ಪಟ್ಟು ಮೇಲೆ. ತಲಾವಾರು ನೋಡಿದರೆ 12 ಮತ್ತು 30. ಯುರೋಪಿನಲ್ಲಿ ಹೆಚ್ಚು ಬಳಕೆಯಲ್ಲಿರುವ, ಮುಂದುವರಿದ ದೇಶಗಳ ಒಕ್ಕೂಟವಾದ ಒಇಸಿಡಿಯ ಹೆಸರಿನ ಪರಿಷ್ಕೃತ ಮಾಪನದಲ್ಲಿ ಮೊದಲ ದೊಡ್ಡವರಿಗೆ 1, ಉಳಿದ ದೊಡ್ಡವರಿಗೆ ತಲಾ 0.5, ಮಕ್ಕಳಿಗೆ ತಲಾ 0.3. ಆಗ 60 ಭಾಗಿಸು 2.4, ಅಂದರೆ 25. ಒಟ್ಟು ಜನರ ವರ್ಗಮೂಲದಿಂದ ಭಾಗಿಸುವ ಸರಳ ವಿಧಾನದಲ್ಲಿ ಸುಮಾರು 26.8. ತಲಾವಾರು ಲೆಕ್ಕ ದೊಡ್ಡ ಸಂಸಾರಗಳ ಬಡಾವಣೆಯನ್ನು ಅತಿಯಾಗಿ ಕೆಳಕ್ಕೆ ತಳ್ಳುತ್ತದೆ, ಮನೆವಾರು ಲೆಕ್ಕ ಒಂಟಿ ಬಾಡಿಗೆದಾರರ ಬಡಾವಣೆಯನ್ನು. ಈ ಎರಡು ಮಾಪನಗಳಲ್ಲಿ ಒಂದನ್ನು ಆರಿಸಿ, ಆರಿಸಿದ್ದನ್ನು ಹೇಳಿ, ನಡುವೆ ಬದಲಿಸಬೇಡಿ.

ಮನೆಯಲ್ಲೇ ಉಳಿದು ದುಡಿಯುವ ಕೆಲಸದವರನ್ನು ಏನು ಮಾಡುವಿರಿ? ಅವರನ್ನು ಆ ಮನೆಯ ಸದಸ್ಯರೆಂದು ಎಣಿಸಿದರೆ ಉಳ್ಳವರ ತಲಾ ಆದಾಯ ಇಳಿಯುತ್ತದೆ, ಕೆಲಸದವರ ಬಡತನ ಕಾಣೆಯಾಗುತ್ತದೆ. ಪ್ರತ್ಯೇಕ ಮನೆಯೆಂದು ಎಣಿಸುವುದೇ ಸರಿ. ಹಾಸ್ಟೆಲು, ಬ್ಯಾರಕ್ಕು, ವೃದ್ಧಾಶ್ರಮಗಳನ್ನು ಮನೆಗಳ ಲೆಕ್ಕದಿಂದ ಹೊರಗಿಟ್ಟು ಬೇರೆಯಾಗಿ ತೋರಿಸಿ.

ಖರ್ಚು, ಮನೆಯ ಸಾಮಾನು

ದಿನಗೂಲಿ, ಹಂಗಾಮಿ ದುಡಿಮೆ ಹೆಚ್ಚಿರುವ ಕಡೆ ಆದಾಯಕ್ಕಿಂತ ಖರ್ಚು ಹೆಚ್ಚು ನಂಬಬಹುದಾದದ್ದು. ಗಳಿಕೆ ತಿಂಗಳಿನಿಂದ ತಿಂಗಳಿಗೆ ಏರಿಳಿದರೂ ಊಟ, ಬಾಡಿಗೆ, ಮಕ್ಕಳ ಓದಿನ ಖರ್ಚನ್ನು ಮನೆಗಳು ಆದಷ್ಟು ಒಂದೇ ಮಟ್ಟದಲ್ಲಿ ಇಟ್ಟುಕೊಳ್ಳುತ್ತವೆ. ಅದಕ್ಕೆ ತೆರಬೇಕಾದದ್ದು ಸಮಯ. ಸರಿಯಾದ ಖರ್ಚಿನ ಪ್ರಶ್ನಾವಳಿ ಒಂದು ಮನೆಗೆ ಗಂಟೆ ಮೀರುತ್ತದೆ. ನೆನಪಿನ ಅವಧಿ ಬದಲಿಸಿದರೆ ಉತ್ತರವೂ ಬದಲಾಗುತ್ತದೆ: ದಿನಸಿಗೆ ಏಳು ದಿನ ಕೇಳುವುದು, ಮೂವತ್ತು ದಿನ ಕೇಳುವುದು ಬೇರೆ ಬೇರೆ ಮೊತ್ತ ಕೊಡುತ್ತವೆ. ಹಾಗಾಗಿ ಒಂದು ಬಡಾವಣೆಯಲ್ಲಿ ಏಳು, ಇನ್ನೊಂದರಲ್ಲಿ ಮೂವತ್ತು ಎಂದು ಕೇಳಿದ ಎರಡು ಸಮೀಕ್ಷೆಗಳನ್ನು ಹೋಲಿಸಲೇಬಾರದು. ಒಂದು ಬಡಾವಣೆಗೆ ಹಬ್ಬದ ತಿಂಗಳಲ್ಲಿ, ಇನ್ನೊಂದಕ್ಕೆ ಬಿಡುವಿನ ತಿಂಗಳಲ್ಲಿ ಹೋಗುವುದೂ ಅಷ್ಟೇ ಕೆಟ್ಟದ್ದು.

ಮನೆಯ ಸಾಮಾನಿನ ಸೂಚ್ಯಂಕ ಇವೆರಡಕ್ಕಿಂತ ಅಗ್ಗ. ಹತ್ತೇ ನಿಮಿಷದ ಕೆಲಸ, ಹೆಚ್ಚಿನ ಉತ್ತರವನ್ನು ಕಣ್ಣಲ್ಲೇ ನೋಡಬಹುದು. 2001ರಲ್ಲಿ ಅರ್ಥಶಾಸ್ತ್ರಜ್ಞರಾದ ಡಿಯಾನ್ ಫಿಲ್ಮರ್ ಮತ್ತು ಲ್ಯಾಂಟ್ ಪ್ರಿಚೆಟ್ ಭಾರತದ ಕುಟುಂಬ ಆರೋಗ್ಯ ಸಮೀಕ್ಷೆಯ ದತ್ತಾಂಶ ಇಟ್ಟುಕೊಂಡು, ಖರ್ಚಿನ ಮಾಹಿತಿ ಇಲ್ಲದಿದ್ದರೂ ಮನೆಗಳನ್ನು ಸಿರಿತನದ ಕ್ರಮದಲ್ಲಿ ನಿಲ್ಲಿಸಬಹುದು ಎಂದು ತೋರಿಸಿದ ಮೇಲೆ ಈ ದಾರಿ ಎಲ್ಲೆಡೆ ಬಳಕೆಗೆ ಬಂತು. ಆದರೆ ನಗರದೊಳಗೆ ಬಳಸುವಾಗ ಎಡವುವ ಜಾಗಗಳು ಹಲವು, ಅದಕ್ಕೆ ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಹೌದು ಅಥವಾ ಇಲ್ಲ ಎಂಬ ರೂಪಕ್ಕೆ ತರಬಹುದಾದ 12ರಿಂದ 20 ಅಂಶ ಆರಿಸಿ: ಗೋಡೆ ಚಾವಣಿಯ ಬಗೆ, ಒಂದು ಕೋಣೆಗೆ ಎಷ್ಟು ಜನ, ಮನೆಯೊಳಗಿನ ಶೌಚಾಲಯ, ಫ್ರಿಜ್, ವಾಷಿಂಗ್ ಮಷೀನ್, ಕಂಪ್ಯೂಟರ್, ದ್ವಿಚಕ್ರ, ಕಾರು, ಎಸಿ ಇತ್ಯಾದಿ. ಮೊದಲು ಐವತ್ತು ಮನೆಗಳಲ್ಲಿ ಕೇಳಿ ನೋಡಿ. ಶೇ. 95ಕ್ಕಿಂತ ಹೆಚ್ಚು ಮನೆಗಳಲ್ಲಿ ಇರುವುದನ್ನೂ ಶೇ. 5ಕ್ಕಿಂತ ಕಡಿಮೆ ಮನೆಗಳಲ್ಲಿ ಇರುವುದನ್ನೂ ತೆಗೆಯಿರಿ, ಅವು ಮನೆಗಳನ್ನು ಬೇರ್ಪಡಿಸುವುದಿಲ್ಲ. ಈಗ ಮೊಬೈಲು ಅಂಥದ್ದೇ. ಉಳಿದವುಗಳ ಮೇಲೆ ಪ್ರಿನ್ಸಿಪಲ್ ಕಾಂಪೊನೆಂಟ್ ಲೆಕ್ಕ (ಒಟ್ಟೊಟ್ಟಿಗೆ ಏರಿಳಿಯುವ ಹಲವು ಅಂಶಗಳನ್ನು ಒಂದೆರಡು ಅಂಕಗಳಿಗೆ ಇಳಿಸುವ ಗಣಿತ) ಮಾಡಿ, ಮೊದಲ ಘಟಕದ ತೂಕಗಳನ್ನು ಅಂಶದ ಅಂಕವಾಗಿ ತೆಗೆದುಕೊಳ್ಳಿ. ಆಮೇಲೆ ತೂಕಗಳ ಚಿಹ್ನೆ ನೋಡಿ. ಕಾರಿಗೆ ಋಣ, ಸೋರುವ ಚಾವಣಿಗೆ ಧನ ಬಂದಿದ್ದರೆ ಎಲ್ಲೋ ಸಂಕೇತ ತಿರುಗಿದೆ ಎಂದು ತಿಳಿಯಿರಿ.

ದೊಡ್ಡ ಮೋಸ ನಲ್ಲಿ ನೀರು, ಒಳಚರಂಡಿ, ವಿದ್ಯುತ್ತಿನಲ್ಲಿ. ಇವು ಮನೆಯ ಸಿರಿಗಿಂತ ಹೆಚ್ಚಾಗಿ ನಗರಾಡಳಿತದ ಪೈಪು ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಹೇಳುತ್ತವೆ. ಇವನ್ನು ಸೂಚ್ಯಂಕದಲ್ಲಿ ಬೆರೆಸಿದರೆ ಹಳೆಯ ನಡುಪೇಟೆಯ ಬಡ ವಠಾರ ಮೇಲೆ ಹೋಗುತ್ತದೆ, ಪೈಪು ಇನ್ನೂ ತಲುಪದ ಹೊರವಲಯದ ಹೊಸ ಬಂಗಲೆ ಕೆಳಗೆ ಬೀಳುತ್ತದೆ. ಮನೆಯೊಳಗಿನ ವಸ್ತುಗಳದೊಂದು, ಬೀದಿಯ ಸೌಲಭ್ಯಗಳದೊಂದು ಎಂದು ಎರಡು ಸೂಚ್ಯಂಕ ಮಾಡಿ ಅಕ್ಕಪಕ್ಕ ಇಟ್ಟು ನೋಡಿ. ಎರಡೂ ತಾಳೆಯಾಗದ ಬಡಾವಣೆಗಳೇ ಆಡಳಿತದ ದೃಷ್ಟಿಯಿಂದ ಹೆಚ್ಚು ಕುತೂಹಲದವು.

ಸಾಮಾನು ಬೇಗ ಬದಲಾಗುವುದಿಲ್ಲ ಎಂಬುದನ್ನೂ ನೆನಪಿಡಿ. ಕೆಲಸ ಹೋದ ಮನೆಯ ಫ್ರಿಜ್ ಮರುದಿನ ಮಾರಾಟವಾಗದು. ಆರು ತಿಂಗಳ ಸಂಕಷ್ಟ ಹಿಡಿಯಲು ಈ ಸೂಚ್ಯಂಕ ಪ್ರಯೋಜನವಿಲ್ಲ, ಹತ್ತು ವರ್ಷದ ಮಟ್ಟ ಹೇಳಲು ಒಳ್ಳೆಯದು. ಇನ್ನು, ಅದರ ಅಂಕ ಬರೀ ಸ್ಥಾನ ಹೇಳುತ್ತದೆ. ಅಂಕ 2 ಇರುವ ಮನೆ ಅಂಕ 1ರ ಮನೆಗಿಂತ ಎರಡು ಪಟ್ಟು ಸಿರಿವಂತ ಎಂದು ಓದುವಂತಿಲ್ಲ.

ಮನೆಯ ಬೆಲೆ, ಆಕಾಶದ ಚಿತ್ರ

ಬಾಡಿಗೆ ಮತ್ತು ಮನೆಯ ಬೆಲೆ ಸುಲಭವಾಗಿ ಸಿಗುತ್ತವೆ, ಅದಕ್ಕೇ ಅತಿಯಾಗಿ ಬಳಕೆಯಾಗುತ್ತವೆ. ಬೆಲೆ ಹೇಳುವುದು ಮಾಲೀಕನ ಆಸ್ತಿಯನ್ನು, ಒಳಗಿರುವವರ ಆದಾಯವನ್ನಲ್ಲ. ಪಿಂಚಣಿಯಲ್ಲಿ ಬದುಕುವ ಹಿರಿಯರ ಹಳೆಯ ಬಡಾವಣೆಯಲ್ಲಿ ನೆಲಕ್ಕೆ ಚಿನ್ನದ ಬೆಲೆ ಇದ್ದು ತಿಂಗಳ ಆದಾಯ ಸಾಧಾರಣ ಇರಬಹುದು. ಜಾಹೀರಾತಿನ ಬೆಲೆ, ನೋಂದಣಿಯ ಬೆಲೆ, ಕೈಬದಲಾದ ಹಣ ಮೂರೂ ಬೇರೆ. ಪ್ರತಿ ಚದರ ಮೀಟರಿನ ಬಾಡಿಗೆ ಇನ್ನೂ ಮೋಸಗಾರ: ಪುಟ್ಟ ಕೋಣೆಗಳಲ್ಲಿ ಇಕ್ಕಟ್ಟಾಗಿ ಬದುಕುವ ಕಡೆ ಅದು ವಿಶಾಲ ಮನೆಗಳ ಬಡಾವಣೆಗಿಂತ ಹೆಚ್ಚಿರುವುದುಂಟು. ಬೆಲೆಯನ್ನು ಬದಲಾವಣೆಯ ಮುನ್ಸೂಚನೆಯಾಗಿ ನೋಡಿ, ಆದಾಯದ ಬದಲಿಯಾಗಿ ಬೇಡ.

ರಾತ್ರಿ ಬೆಳಕಿನ ಉಪಗ್ರಹ ಚಿತ್ರ ದೇಶ, ಜಿಲ್ಲೆಗಳ ಹೋಲಿಕೆಗೆ ಸರಿ. ನಗರದೊಳಗೆ ಕೈಕೊಡುತ್ತದೆ. ಹಳೆಯ ಡಿಎಂಎಸ್‌ಪಿ ಉಪಗ್ರಹಗಳ ಚಿತ್ರದಲ್ಲಿ ಬೆಳಕಿನ ಅಳತೆ 0ರಿಂದ 63ರವರೆಗೆ ಮಾತ್ರ, ನಗರದ ನಡುಭಾಗವೆಲ್ಲ 63ಕ್ಕೆ ಮುಟ್ಟಿ ನಿಂತುಬಿಡುತ್ತದೆ. ಅದರ ನಂತರ ಬಂದ ಉಪಗ್ರಹ ಉಪಕರಣ ವಿಐಐಆರ್‌ಎಸ್ ಆ ದೋಷ ಕಳೆದರೂ ಅದರ ಒಂದು ಚುಕ್ಕೆ ಸುಮಾರು ಅರ್ಧ ಕಿಲೋಮೀಟರು. ಹೆದ್ದಾರಿಯ ದೀಪ, ಮಾಲ್‌ನ ದೀಪ, ಮನೆಯ ದೀಪ ಎಲ್ಲ ಒಂದೇ ಚುಕ್ಕೆಯಲ್ಲಿ. ಹಗಲಿನ ಸ್ಪಷ್ಟ ಚಿತ್ರಗಳು ಬೇರೆ ಕೆಲಸಕ್ಕೆ ಒದಗುತ್ತವೆ: ಚಾವಣಿ, ರಸ್ತೆಯ ಅಗಲ, ಮರಗಳ ದಟ್ಟಣೆ ನೋಡಿ, ಸಮೀಕ್ಷೆಗೆ ಮುಂಚೆ ಪ್ರದೇಶಗಳನ್ನು ಗುಂಪು ಮಾಡಿಕೊಳ್ಳಲು.

ವರ್ಗ ಎಂದರೆ ಆದಾಯವಷ್ಟೇ ಅಲ್ಲವಾದ್ದರಿಂದ

ಒಂದೇ ಮೊತ್ತ ಗಳಿಸುವ ಶಾಲಾ ಶಿಕ್ಷಕಿ, ಲಾರಿ ಮಾಲೀಕ, ಹೊಸದಾಗಿ ಸೇರಿದ ಸಾಫ್ಟ್‌ವೇರ್ ಉದ್ಯೋಗಿ ಒಂದೇ ವರ್ಗದವರೇ? ಅವರ ಕೆಲಸದ ಭದ್ರತೆ, ಓದು, ಮಕ್ಕಳ ಮುಂದಿನ ದಾರಿ ಬೇರೆ ಬೇರೆ. ಬಡಾವಣೆಯಲ್ಲಿ ಯಾರು ಯಾರೊಂದಿಗೆ ಒಡನಾಡುತ್ತಾರೆ, ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ ಎಂಬುದು ನಿಮ್ಮ ಪ್ರಶ್ನೆಯಾದರೆ ಕಸುಬು ಮತ್ತು ಓದು ಆದಾಯಕ್ಕಿಂತ ಹೆಚ್ಚು ಹೇಳುತ್ತವೆ. ಪಡಿತರ, ನೆರವು, ಶುಲ್ಕ ವಿನಾಯಿತಿ ನಿಮ್ಮ ಪ್ರಶ್ನೆಯಾದರೆ ಆದಾಯ ಅಥವಾ ಖರ್ಚೇ ಸಾಕು.

ಕಸುಬಿಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಐಎಸ್‌ಸಿಒ-08 ಪಟ್ಟಿ ಇದೆ, ಹತ್ತು ಮುಖ್ಯ ಗುಂಪು. ಅದು ಕೌಶಲದ ಮಟ್ಟ ಹೇಳುತ್ತದೆ, ಯಜಮಾನನೋ ಆಳೋ ಎಂದು ಹೇಳುವುದಿಲ್ಲ. ಬ್ರಿಟನ್ನಿನಲ್ಲಿ 2001ರಿಂದ ಬಳಕೆಯಲ್ಲಿರುವ ಎನ್‌ಎಸ್-ಎಸ್‌ಇಸಿ ವರ್ಗೀಕರಣ ಕೆಲಸದ ಸಂಬಂಧವನ್ನೇ ಆಧಾರ ಮಾಡಿಕೊಂಡಿದೆ: ಮಾಲೀಕ, ಸ್ವಂತ ದುಡಿಮೆ, ಭದ್ರ ಉದ್ಯೋಗ, ದಿನಗೂಲಿಯಂಥ ಅಭದ್ರ ಉದ್ಯೋಗ. ಕ್ಷೇತ್ರದಲ್ಲಿ ಇದರ ಪರಿಣಾಮ ಬಹಳ ಸರಳ. ‘ವ್ಯಾಪಾರ’ ಎಂದು ಬರೆದುಕೊಂಡು ಮುಂದಿನ ಮನೆಗೆ ಹೋಗಬೇಡಿ. ತಳ್ಳುಗಾಡಿಯವನೂ ವ್ಯಾಪಾರಿ, ಸಗಟು ಮಂಡಿಯವನೂ ವ್ಯಾಪಾರಿ. ಎಷ್ಟು ಜನ ಸಂಬಳಕ್ಕೆ ಇದ್ದಾರೆ, ಜಾಗ ಸ್ವಂತವೋ ಬಾಡಿಗೆಯೋ, ಉದ್ಯೋಗಕ್ಕೆ ಲಿಖಿತ ಕರಾರು ಇದೆಯೋ ಎಂಬ ಮೂರು ಪ್ರಶ್ನೆ ಹೆಚ್ಚುವರಿಯಾಗಿ ಕೇಳಿದರೆ ಗೊಂದಲದ ಬಹುಪಾಲು ಅಳಿಯುತ್ತದೆ. ಮನೆಯಲ್ಲಿ ಇಬ್ಬರು ದುಡಿಯುತ್ತಿದ್ದರೆ ಯಾರ ಕಸುಬಿನಿಂದ ಮನೆಯ ವರ್ಗ ನಿರ್ಧರಿಸುತ್ತೀರಿ ಎಂಬುದನ್ನು ಮೊದಲೇ ತೀರ್ಮಾನಿಸಿ. ಗಂಡಸಿನದೇ ಎಂದು ಸುಮ್ಮನೆ ಹಿಡಿದುಕೊಳ್ಳುವ ಹಳೆಯ ಪದ್ಧತಿ ಹಲವು ಮನೆಗಳನ್ನು ಒಂದು ಮೆಟ್ಟಿಲು ಕೆಳಗಿಡುತ್ತದೆ. ಇಬ್ಬರಲ್ಲಿ ಮೇಲಿನದನ್ನು ತೆಗೆದುಕೊಳ್ಳುವುದು ಉತ್ತಮ.

ಆದಾಯ ಮತ್ತು ವರ್ಗದ ನಕ್ಷೆಗಳು ಬೇರೆಯಾಗುವ ಕಡೆಗಳನ್ನು ಮೊದಲೇ ಊಹಿಸಬಹುದು. ವಿದ್ಯಾರ್ಥಿಗಳ ಬಡಾವಣೆಯಲ್ಲಿ ಆದಾಯ ಕೆಳಗೆ, ಓದು ಮೇಲೆ. ನಿವೃತ್ತರಲ್ಲಿ ಆದಾಯ ಕೆಳಗೆ, ಆಸ್ತಿ ಮೇಲೆ. ಇಂಥ ಕಡೆ ಆದಾಯದ ಬಡತನವನ್ನು ಮಾತ್ರ ನೋಡಿ ನೆರವಿನ ಕೇಂದ್ರ ತೆರೆದರೆ ಅದು ಖಾಲಿ ಬೀಳುತ್ತದೆ.

ಸಿದ್ಧ ಕೊರತೆ ಸೂಚ್ಯಂಕಗಳು

ಬ್ರಿಟನ್ನಿನ ಟೌನ್‌ಸೆಂಡ್ ಸೂಚ್ಯಂಕದಲ್ಲಿ ನಾಲ್ಕೇ ಅಂಶ: ನಿರುದ್ಯೋಗ, ಕಾರಿಲ್ಲದಿರುವುದು, ಸ್ವಂತ ಮನೆ ಇಲ್ಲದಿರುವುದು, ಇಕ್ಕಟ್ಟು. ಜನಗಣತಿಯಿಂದಲೇ ಲೆಕ್ಕ ಹಾಕಬಹುದಾದ್ದರಿಂದ ಬೇರೆಡೆಗೂ ಸುಲಭವಾಗಿ ಒಗ್ಗುತ್ತದೆ, ಆದರೆ ಬಸ್ಸು ರೈಲು ಚೆನ್ನಾಗಿರುವ ನಡುಪೇಟೆಯಲ್ಲಿ ಕಾರಿಲ್ಲದಿರುವುದು ಬಡತನವೇ ಅಲ್ಲ. ಇಂಗ್ಲೆಂಡಿನ 2019ರ ಬಹುಮುಖ ಕೊರತೆ ಸೂಚ್ಯಂಕ ಏಳು ವಿಷಯಗಳನ್ನು ಬೆರೆಸುತ್ತದೆ: ಆದಾಯ ಮತ್ತು ಉದ್ಯೋಗಕ್ಕೆ ತಲಾ ಶೇ. 22.5, ಶಿಕ್ಷಣ ಮತ್ತು ಆರೋಗ್ಯಕ್ಕೆ ತಲಾ ಶೇ. 13.5, ಅಪರಾಧ, ವಸತಿಯ ಅಡೆತಡೆ, ವಾಸದ ಪರಿಸರಕ್ಕೆ ತಲಾ ಶೇ. 9.3. 32,844 ತುಂಡುಗಳನ್ನು ಅತಿ ಹೆಚ್ಚು ಕೊರತೆಯದರಿಂದ ಶುರು ಮಾಡಿ ಸಾಲಾಗಿ ನಿಲ್ಲಿಸುತ್ತದೆ.

ಇಂಥ ಸೂಚ್ಯಂಕವನ್ನು ಸೌಲಭ್ಯ ಹಂಚಲು ಬಳಸಿ. ಸಿರಿತನ ಅಳೆಯಲು ಬಳಸಬೇಡಿ. ಅದು ಎಣಿಸುವುದು ಕೊರತೆಯನ್ನು, ಹಾಗಾಗಿ ಕೊರತೆ ಇಲ್ಲದ ಮಧ್ಯಮ ವರ್ಗದ ಬಡಾವಣೆಯನ್ನೂ ಕೋಟ್ಯಧಿಪತಿಗಳ ಬಡಾವಣೆಯನ್ನೂ ಪಕ್ಕಪಕ್ಕದಲ್ಲೇ ನಿಲ್ಲಿಸುತ್ತದೆ. ಸ್ಥಾನ 100ರಿಂದ 200ಕ್ಕೆ ಹೋದ ತುಂಡಿನ ಬಡತನ ಅರ್ಧವಾಯಿತು ಎಂದೂ ಓದಬೇಡಿ. ಬೇರೆಯವು ಇನ್ನಷ್ಟು ಕೆಟ್ಟಿರಲೂಬಹುದು.

ಅಂತರವನ್ನು ಒಂದೇ ಅಂಕಿಯಲ್ಲಿ ಹೇಳಬೇಕಾದಾಗ

ಭಿನ್ನತಾ ಸೂಚ್ಯಂಕ ಅತಿ ಹೆಚ್ಚು ಬಳಕೆಯದು. 1955ರಲ್ಲಿ ಸಮಾಜಶಾಸ್ತ್ರಜ್ಞರಾದ ಓಟಿಸ್ ಡಡ್ಲಿ ಡಂಕನ್ ಮತ್ತು ಬೆವರ್ಲಿ ಡಂಕನ್ ಅದನ್ನು ನೆಲೆಗೊಳಿಸಿದರು. ನಗರದ ಒಟ್ಟು ಬಡ ಮನೆಗಳಲ್ಲಿ ಈ ತುಂಡಿನ ಪಾಲು ಎಷ್ಟು, ಒಟ್ಟು ಬಡವರಲ್ಲದ ಮನೆಗಳಲ್ಲಿ ಎಷ್ಟು ಎಂದು ತೆಗೆದು, ಎರಡರ ವ್ಯತ್ಯಾಸವನ್ನು ಚಿಹ್ನೆ ಬಿಟ್ಟು ಎಲ್ಲ ತುಂಡುಗಳಿಗೂ ಕೂಡಿ, ಅರ್ಧ ಮಾಡಿ. ಮೇಲಿನ ಎಡಬಲ ಉದಾಹರಣೆಯಲ್ಲಿ 0.8ರಿಂದ 0.2 ಕಳೆದರೆ 0.6, ಇನ್ನೊಂದು ಕಡೆಯೂ 0.6, ಕೂಡಿದರೆ 1.2, ಅರ್ಧ 0.60. ಎರಡೂ ಗುಂಪು ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಹರಡಬೇಕಾದರೆ ಒಂದು ಗುಂಪಿನ ಶೇ. 60 ಮನೆಗಳು ಜಾಗ ಬದಲಿಸಬೇಕು ಎಂದು ಅರ್ಥ.

ಓದಲು ಸುಲಭ, ಆದರೆ ಎರಡು ಕುರುಡುಗಳಿವೆ. ಬಡ ತುಂಡುಗಳೆಲ್ಲ ಒಂದೇ ದಿಕ್ಕಿಗೆ ಒತ್ತೊತ್ತಾಗಿವೆಯೋ, ಚದುರಂಗದ ಮಣೆಯ ಮನೆಗಳಂತೆ ಚೆದುರಿವೆಯೋ ಅದಕ್ಕೆ ಗೊತ್ತಾಗದು. ಮತ್ತೆ, ಜನರನ್ನು ಎರಡೇ ಗುಂಪು ಮಾಡುತ್ತದೆ. ಅಮೆರಿಕ ಮತ್ತು ಯುರೋಪಿನ ಹಲವು ನಗರಗಳಲ್ಲಿ ಬಡವರಿಗಿಂತ ಅತಿ ಉಳ್ಳವರೇ ಹೆಚ್ಚು ಪ್ರತ್ಯೇಕವಾಗಿ ವಾಸಿಸುವುದು ಕಂಡುಬಂದಿದೆ. ಬಡತನದ ರೇಖೆಯಲ್ಲಿ ಮಾತ್ರ ಕತ್ತರಿಸಿದರೆ ಇದು ಕಾಣುವುದೇ ಇಲ್ಲ. ಕೆಳಗಿನ ಶೇ. 10ರಲ್ಲಿ, ಮಧ್ಯದಲ್ಲಿ, ಮೇಲಿನ ಶೇ. 10ರಲ್ಲಿ ಹೀಗೆ ಮೂರು ಕಡೆ ಕತ್ತರಿಸಿ ಮೂರು ಬಾರಿ ಲೆಕ್ಕ ಹಾಕಿ. ಕೌಶಲವಿದ್ದರೆ ಶಾನ್ ರಿಯರ್ಡನ್ ರೂಪಿಸಿದ ಸ್ಥಾನಾಧಾರಿತ ಸೂಚ್ಯಂಕ ಎಲ್ಲ ಕತ್ತರಿಕೆಗಳನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತದೆ. ಅದು ಆದಾಯದ ಮೊತ್ತವನ್ನು ಬಿಟ್ಟು ಸ್ಥಾನವನ್ನು ಮಾತ್ರ ನೋಡುವುದರಿಂದ ಬೆಲೆಯೇರಿಕೆಯ ಕಾಟವಿಲ್ಲದೆ ಎರಡು ಕಾಲವನ್ನು ಹೋಲಿಸಬಹುದು.

ಅರ್ಥಶಾಸ್ತ್ರಜ್ಞ ಹೆನ್ರಿ ಥೀಲ್ 1967ರಲ್ಲಿ ಕೊಟ್ಟ ಸೂಚ್ಯಂಕದ ಉಪಯೋಗ ಬೇರೆ. ನಗರದ ಒಟ್ಟು ಅಸಮಾನತೆಯನ್ನು ಬಡಾವಣೆಗಳ ನಡುವಿನದು, ಬಡಾವಣೆಗಳ ಒಳಗಿನದು ಎಂದು ಎರಡಾಗಿ ಬಿಡಿಸುತ್ತದೆ. ಸಾಮಾನ್ಯವಾಗಿ ಒಳಗಿನ ಪಾಲೇ ದೊಡ್ಡದು. ಬಡಾವಣೆಯ ಹೆಸರು ಕೇಳಿ ಮನೆಯ ಆದಾಯ ಊಹಿಸುವವರಿಗೆ ತೋರಿಸಬೇಕಾದ ಅಂಕಿ ಇದು. 1950ರಲ್ಲಿ ಸಮಾಜಶಾಸ್ತ್ರಜ್ಞ ಡಬ್ಲ್ಯು. ಎಸ್. ರಾಬಿನ್ಸನ್ ಇನ್ನೂ ಮೊನಚಾದ ಉದಾಹರಣೆ ಕೊಟ್ಟಿದ್ದರು. ಅಮೆರಿಕದ 1930ರ ಗಣತಿಯಲ್ಲಿ, ರಾಜ್ಯಗಳ ಮಟ್ಟದಲ್ಲಿ ವಿದೇಶದಲ್ಲಿ ಹುಟ್ಟಿದವರು ಹೆಚ್ಚಿದ್ದ ಕಡೆ ಅನಕ್ಷರತೆ ಕಡಿಮೆ (ಸಹಸಂಬಂಧ −0.53). ವ್ಯಕ್ತಿಗಳ ಮಟ್ಟದಲ್ಲಿ ನೋಡಿದರೆ ತಿರುಗುಮುರುಗು (+0.12). ವಲಸಿಗರು ಓದು ಹೆಚ್ಚಿದ್ದ ರಾಜ್ಯಗಳಿಗೆ ಹೋಗಿ ನೆಲೆಸಿದ್ದೇ ಕಾರಣ. ಪ್ರದೇಶದ ಅಂಕಿಯಿಂದ ಮನೆಯ ಬಗ್ಗೆ ತೀರ್ಮಾನ ಮಾಡಬಾರದು ಎಂಬುದಕ್ಕೆ ಇಂದಿಗೂ ಇದನ್ನೇ ತೋರಿಸುತ್ತಾರೆ.

ಎಷ್ಟು ಮನೆ ಕೇಳಬೇಕು

ಒಂದು ತುಂಡಿನಲ್ಲಿ 50 ಮನೆ ಕೇಳಿ ಶೇ. 30 ಬಡತನ ಬಂದರೆ, ಶೇ. 95 ಭರವಸೆಯಲ್ಲಿ ನಿಜ ಅಂಕಿ ಸುಮಾರು 17ರಿಂದ 43ರ ನಡುವೆ ಎಲ್ಲಾದರೂ ಇರಬಹುದು. 400 ಮನೆ ಕೇಳಿದರೆ 25.5ರಿಂದ 34.5. ಹಾಗಾಗಿ ಪ್ರತಿ ತುಂಡಿಗೆ ಐವತ್ತು ಮನೆ ಕೇಳಿದ ಸಮೀಕ್ಷೆ ‘ಪಕ್ಕದ ಬಡಾವಣೆಗಿಂತ ಎಂಟು ಅಂಶ ಹೆಚ್ಚು’ ಎಂದರೆ ಹುಬ್ಬೇರಿಸಬೇಡಿ. ಹಣ ಕಡಿಮೆ ಇದ್ದರೆ ತುಂಡುಗಳನ್ನು ಕಡಿಮೆ ಮಾಡಿ, ಪ್ರತಿ ತುಂಡಿನ ಮನೆಗಳನ್ನು ಕಡಿಮೆ ಮಾಡಬೇಡಿ. ಅಮೆರಿಕದ ಕಮ್ಯುನಿಟಿ ಸಮೀಕ್ಷೆ ಪ್ರಕಟಿಸುವ ದೋಷದ ಅಂಚು (ಅಂಕಿ ಮೇಲೆ ಕೆಳಗೆ ಎಷ್ಟು ತಪ್ಪಿರಬಹುದು ಎಂಬುದು) ಶೇ. 90 ಭರವಸೆಯದು. ಅದನ್ನು 1.645ರಿಂದ ಭಾಗಿಸಿದರೆ ಪ್ರಮಾಣಿತ ದೋಷ ಸಿಗುತ್ತದೆ. ಎರಡು ತುಂಡುಗಳ ಪ್ರಮಾಣಿತ ದೋಷಗಳನ್ನು ವರ್ಗ ಮಾಡಿ ಕೂಡಿ ವರ್ಗಮೂಲ ತೆಗೆದು, ವ್ಯತ್ಯಾಸ ಅದರ ಎರಡು ಪಟ್ಟು ದಾಟಿದ್ದರೆ ಮಾತ್ರ ಬೇರೆ ಎಂದು ಬರೆಯಿರಿ.

ಸಣ್ಣ ಮಾದರಿ ಇನ್ನೊಂದು ಕಿತಾಪತಿ ಮಾಡುತ್ತದೆ: ಪ್ರತ್ಯೇಕತೆಯ ಸೂಚ್ಯಂಕಗಳನ್ನು ಮೇಲಕ್ಕೆ ಉಬ್ಬಿಸುತ್ತದೆ. ತುಂಡುಗಳ ನಡುವಿನ ಅಲುಗಾಟವನ್ನೇ ಅದು ಅಂತರವೆಂದು ಎಣಿಸುತ್ತದೆ. ಅಮೆರಿಕದಲ್ಲಿ ಆರು ಮನೆಗೆ ಒಂದರಂತೆ ಕೇಳುತ್ತಿದ್ದ ಹಳೆಯ ಗಣತಿ ನಮೂನೆಯ ಜಾಗಕ್ಕೆ ಅದಕ್ಕಿಂತ ಸಣ್ಣ ಮಾದರಿಯ ಸಮೀಕ್ಷೆ ಬಂದ ಮೇಲೆ ಆದಾಯದ ಪ್ರತ್ಯೇಕತೆ ಏರಿದಂತೆ ಕಂಡದ್ದರಲ್ಲಿ ಒಂದು ಪಾಲು ಹೀಗೆ ಬಂದದ್ದೆಂದು ಆಮೇಲೆ ತಿಳಿಯಿತು.

ಕಾಲದ ಹೋಲಿಕೆ, ಕೊನೆಗೆ ಬಣ್ಣ

ಬಡಾವಣೆಯ ಮಧ್ಯಾಂಕ ಏರಿತು ಎಂದರೆ ಅಲ್ಲಿದ್ದವರು ಮೇಲೆ ಬಂದರೋ, ಅವರು ಹೋಗಿ ಬೇರೆಯವರು ಬಂದರೋ? 1964ರಲ್ಲಿ ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ ಲಂಡನ್ನಿನ ದುಡಿಯುವವರ ಬಡಾವಣೆಗಳು ಮಧ್ಯಮ ವರ್ಗದ ಕೈಗೆ ಹೋಗುತ್ತಿರುವುದನ್ನು ಗುರುತಿಸಿ ‘ಜೆಂಟ್ರಿಫಿಕೇಶನ್’ ಎಂದು ಕರೆದದ್ದು ಎರಡನೆಯದನ್ನು. ಎರಡು ಕಾಲದ ಎರಡು ಬಿಡಿ ಸಮೀಕ್ಷೆಗಳು ಇವೆರಡನ್ನು ಬೇರ್ಪಡಿಸಲಾರವು. ‘ಐದು ವರ್ಷದ ಹಿಂದೆ ಎಲ್ಲಿದ್ದಿರಿ?’ ಎಂಬ ಒಂದು ಪ್ರಶ್ನೆ ಸೇರಿಸಿದರೆ ಅರ್ಧ ಉತ್ತರ ಸಿಗುತ್ತದೆ. ಉಳಿದರ್ಧ, ಬಿಟ್ಟು ಹೋದವರದು, ಅದೇ ಮನೆಗಳ ಹಿಂದೆ ಹೋದರೆ ಮಾತ್ರ. ಆದಾಯವನ್ನು ಹಣದ ಮೊತ್ತದಲ್ಲಿ ಹೋಲಿಸುವ ಬದಲು ಆಯಾ ವರ್ಷದ ನಗರದ ಮಧ್ಯಾಂಕದ ಎಷ್ಟು ಪಾಲು ಎಂದು ಹೋಲಿಸಿ: ಅಂದು 0.7, ಇಂದು 1.1. ನಡುವೆ ವಾರ್ಡಿನ ಗಡಿ ಬದಲಾಗಿದ್ದರೆ ಮೊದಲು ಹಳೆಯ ಅಂಕಿಯನ್ನು ಹೊಸ ಗಡಿಗೆ ಮನೆಗಳ ಸಂಖ್ಯೆಯ ಪ್ರಕಾರ ಹಂಚಿ. ನೆಲದ ವಿಸ್ತೀರ್ಣದ ಪ್ರಕಾರ ಹಂಚಿದರೆ ಕೆರೆಗೂ ಕೈಗಾರಿಕಾ ಪ್ರದೇಶಕ್ಕೂ ಆದಾಯ ಬರುತ್ತದೆ.

ನಕ್ಷೆಗೆ ಬಣ್ಣ ಹಾಕುವಾಗ ತುಂಡುಗಳನ್ನು ಐದು ಸಮ ಪಾಲು ಮಾಡುವ ವಿಧಾನ ಎಲ್ಲ ತಂತ್ರಾಂಶದಲ್ಲೂ ಕೈಗೆಟಕುತ್ತದೆ. ಅದು ಯಾವ ನಗರಕ್ಕಾದರೂ ಐದನೇ ಒಂದು ಭಾಗ ಕಡುಬಣ್ಣ ಹಚ್ಚುತ್ತದೆ, ತುಂಡುಗಳ ವ್ಯತ್ಯಾಸ ಪುಡಿಗಾಸಿನದಾಗಿದ್ದರೂ ಸರಿ. ನಗರದ ಮಧ್ಯಾಂಕವನ್ನು ನಡುವಿಗಿಟ್ಟು 0.5, 0.8, 1.2, 2.0 ಎಂದು ಸ್ಥಿರ ಮಿತಿ ಹಾಕಿ, ಎರಡೂ ವರ್ಷದ ನಕ್ಷೆಗೆ ಅದೇ ಮಿತಿ ಇಡಿ. ಹೊರವಲಯದ ವಿಶಾಲ ವಿರಳ ವಾರ್ಡುಗಳು ಕಣ್ಣನ್ನು ಆಕ್ರಮಿಸುತ್ತವಾದ್ದರಿಂದ ಜನವಸತಿ ಇರುವ ಜಾಗಕ್ಕೆ ಮಾತ್ರ ಬಣ್ಣ ಹಚ್ಚಿ, ಉಳಿದದ್ದನ್ನು ಬೂದು ಬಿಡಿ. ಹತ್ತಕ್ಕಿಂತ ಕಡಿಮೆ ಮನೆಗಳ ಉತ್ತರವಿರುವ ತುಂಡನ್ನು ಪಕ್ಕದ್ದರ ಜೊತೆ ಸೇರಿಸಿ, ಇಲ್ಲವಾದರೆ ಯಾರ ಆದಾಯ ಎಷ್ಟೆಂದು ನೆರೆಯವರೇ ಲೆಕ್ಕ ಹಾಕಿಬಿಡುತ್ತಾರೆ.

ಕಡುಕೆಂಪನ್ನು ಬಡ ಬಡಾವಣೆಗೆ ಹಚ್ಚುವ ಮುನ್ನ ಇನ್ನೊಮ್ಮೆ ಯೋಚಿಸಿ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಸರ್ಕಾರಿ ಗೃಹಸಾಲ ಸಂಸ್ಥೆಯೊಂದು 200ಕ್ಕೂ ಹೆಚ್ಚು ನಗರಗಳ ಬಡಾವಣೆಗಳನ್ನು ಹಸಿರು, ನೀಲಿ, ಹಳದಿ, ಕೆಂಪು ಎಂದು ನಾಲ್ಕು ದರ್ಜೆ ಮಾಡಿತು, ದರ್ಜೆ ಕೊಡುವಾಗ ನಿವಾಸಿಗಳ ಜನಾಂಗವನ್ನೂ ಎಣಿಸಿತು. ಕಪ್ಪು ಜನರ ಬಡಾವಣೆಗಳಿಗೆ ಬಹುಮಟ್ಟಿಗೆ ಕೆಂಪೇ ಬಿತ್ತು. ಆ ಬಡಾವಣೆಗಳಿಗೆ ಸಾಲ ಸಿಗದೇ ಹೋದದ್ದಕ್ಕೆ ನಕ್ಷೆ ಎಷ್ಟು ಕಾರಣ, ಮೊದಲೇ ಇದ್ದ ತಾರತಮ್ಯ ಎಷ್ಟು ಕಾರಣ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ಬೆಂಕಿಯ ಬಣ್ಣದ ಬದಲು ಒಂದೇ ಬಣ್ಣದ ತಿಳಿಯಿಂದ ಗಾಢದವರೆಗಿನ ಛಾಯೆ ಬಳಸಿ, ಪಕ್ಕದಲ್ಲಿ ಏನನ್ನು ಅಳೆದದ್ದು, ಯಾವ ವರ್ಷ, ಎಷ್ಟು ಮನೆ, ದೋಷದ ಅಂಚು ಎಷ್ಟು ಎಂಬ ನಾಲ್ಕನ್ನೂ ನಕ್ಷೆಯ ಒಳಗೇ ಅಚ್ಚು ಹಾಕಿ. ಕೆಳಗಿನ ಟಿಪ್ಪಣಿಯಲ್ಲಿ ಹಾಕಿದರೆ ನಕ್ಷೆಯನ್ನು ಕತ್ತರಿಸಿ ಹಂಚುವವರು ಮೊದಲು ಬಿಡುವುದು ಅದನ್ನೇ.